ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ನಾಲ್ವರು: ಆಕ್ಸಿಯಂ-4 ಯಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಹೋದರು, ಬಂದರು, ಹಾರ ತುರಾಯಿಗಳೂ ಆದವು. ಗದ್ದಲ ತಣ್ಣಗಾದ ಮೇಲೂ ಕೆಲವು ಪ್ರಶ್ನೆಗಳು ಹಾಗೇ ಉಳಿದಿವೆ. ಅದು ಯಾರ ಯಾನ? ಅಮೆರಿಕದ್ದಾ, ನಮ್ಮದಾ, ಖಾಸಗಿಯವರದ್ದಾ? 400 ಕಿಲೋಮೀಟರ್ ದೂರಕ್ಕೆ 28 ಗಂಟೆ ಯಾಕೆ ಬೇಕಾಯಿತು? ಮೇಲೆ ಹೋಗಿ ಕಾಳು ಮೊಳಕೆ ಬರಿಸಿದ್ದರಿಂದ ಏನು ಲಾಭ? ಒಂದೊಂದಾಗಿ ನೋಡೋಣ.

ಆಕ್ಸಿಯಂ-4 ಅಂದರೆ ಏನು?

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ನಾಲ್ಕು ಜನರನ್ನು ಕರೆದೊಯ್ದು, ಕೆಲವು ವಾರ ಅಲ್ಲಿ ಕೆಲಸ ಮಾಡಿಸಿ, ವಾಪಸ್ ಕರೆತಂದ ಯಾನ. 2025ರ ಜೂನ್ 25ರಂದು ಭಾರತೀಯ ಕಾಲಮಾನ ಮಧ್ಯಾಹ್ನ 12ರ ಹೊತ್ತಿಗೆ ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಹೊರಟಿತು. ಜೂನ್ 26ರ ಸಂಜೆ 4ರ ಸುಮಾರಿಗೆ ನಿಲ್ದಾಣ ಸೇರಿತು. ಜುಲೈ 14ರಂದು ಅಲ್ಲಿಂದ ಬಿಟ್ಟು, ಜುಲೈ 15ರ ಮಧ್ಯಾಹ್ನ 3 ಗಂಟೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಕರಾವಳಿಯ ಸಮುದ್ರದಲ್ಲಿ ಇಳಿಯಿತು.

ಹೋದವರು ಯಾರು ಯಾರು?

ಕಮಾಂಡರ್ ಪೆಗ್ಗಿ ವಿಟ್ಸನ್, ಅಮೆರಿಕದವರು. ಈ ಯಾನವೂ ಸೇರಿ ಒಟ್ಟು 695 ದಿನ ಬಾಹ್ಯಾಕಾಶದಲ್ಲಿ ಕಳೆದಿದ್ದಾರೆ. ಅಷ್ಟು ದಿನ ಇದ್ದ ಅಮೆರಿಕನ್ನರು ಬೇರೆ ಯಾರೂ ಇಲ್ಲ. ಪೈಲಟ್ ನಮ್ಮ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ, ಲಖನೌದವರು. ಇನ್ನಿಬ್ಬರು ಮಿಷನ್ ಸ್ಪೆಷಲಿಸ್ಟ್‌ಗಳು: ಪೋಲೆಂಡಿನ ಸ್ಲಾವೋಷ್ ಉಝ್ನಾನ್‌ಸ್ಕಿ-ವಿಶ್ನೆವ್‌ಸ್ಕಿ ಮತ್ತು ಹಂಗೇರಿಯ ಟಿಬೋರ್ ಕಾಪು. ಸ್ಲಾವೋಷ್ ಮೊದಲು ಸರ್ನ್ ಎಂಬ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದವರು, ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಮೂಲಕ ಬಂದರು. ಕಾಪು ಮೆಕ್ಯಾನಿಕಲ್ ಎಂಜಿನಿಯರ್, ಹಂಗೇರಿಯ ಸ್ವಂತ ಬಾಹ್ಯಾಕಾಶಯಾನ ಯೋಜನೆಯಿಂದ ಆಯ್ಕೆಯಾದವರು.

ಶುಕ್ಲಾ ಅವರಿಗೆ ಏನಾದರೂ ಆಗಿದ್ದರೆ ಅವರ ಜಾಗದಲ್ಲಿ ಹೋಗಲು ಗ್ರೂಪ್ ಕ್ಯಾಪ್ಟನ್ ಪ್ರಶಾಂತ್ ನಾಯರ್ ತಯಾರಾಗಿದ್ದರು. ಇಂಥವರನ್ನು ಬ್ಯಾಕಪ್ ಅನ್ನುತ್ತಾರೆ. ತರಬೇತಿ ಪೂರ್ತಿ, ಪ್ರಯಾಣ ಮಾತ್ರ ಇಲ್ಲ. ಅವರ ಹೆಸರು ಸುದ್ದಿಯಲ್ಲಿ ಬಂದದ್ದು ಕಡಿಮೆಯಾಯಿತು ಎಂದೇ ನನಗೆ ಅನಿಸುತ್ತದೆ.

ಮೂರು ದೇಶಗಳೂ ದಶಕಗಳ ನಂತರ ಮತ್ತೆ ಹೋದವು ಅಂತಾರಲ್ಲ, ಏನದು?

ಇದು ಈ ಯಾನದ ಚೆಂದದ ಸಂಗತಿ. ಪೋಲೆಂಡಿನ ಮಿರೋಸ್ಲಾವ್ ಹೆರ್ಮಾಷೆವ್‌ಸ್ಕಿ 1978ರಲ್ಲಿ ಹೋಗಿದ್ದರು. ಹಂಗೇರಿಯ ಬರ್ತಲಾನ್ ಫರ್ಕಾಶ್ 1980ರಲ್ಲಿ. ನಮ್ಮ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು. ಮೂವರೂ ಹೋಗಿದ್ದು ಸೋವಿಯತ್ ಒಕ್ಕೂಟದ ಸೊಯುಜ್ ನೌಕೆಯಲ್ಲಿ, ಅದರ ಸಲ್ಯುತ್ ನಿಲ್ದಾಣಗಳಿಗೆ, ಇಂಟರ್‌ಕಾಸ್ಮೋಸ್ ಎಂಬ ಒಂದೇ ಕಾರ್ಯಕ್ರಮದ ಅಡಿಯಲ್ಲಿ. ಮಾಸ್ಕೋ ತನ್ನ ಸ್ನೇಹಿತ ದೇಶಗಳಿಗೆ ಒಂದೊಂದು ಸೀಟು ಕೊಡುತ್ತಿದ್ದ ಕಾಲ ಅದು.

ಆಮೇಲೆ ನಾಲ್ಕು ದಶಕ ಈ ಮೂರೂ ಸರ್ಕಾರಗಳು ಯಾರನ್ನೂ ಕಳಿಸಲಿಲ್ಲ. 2025ರಲ್ಲಿ ಮೂವರೂ ಒಂದೇ ನೌಕೆಯಲ್ಲಿ ಕೂತರು. ಈ ಸಲ ಸೀಟು ಪುಕ್ಕಟೆ ಬಂದಿಲ್ಲ, ದುಡ್ಡು ಕೊಟ್ಟು ಪಡೆದದ್ದು. ಹಳೆಯ ಏರ್ಪಾಟಿನಲ್ಲಿ ರಾಜಕೀಯ ಇತ್ತು, ಹೊಸದರಲ್ಲಿ ವ್ಯಾಪಾರ ಇದೆ. ಯಾವುದು ಮೇಲು ಅನ್ನೋದು ಬೇರೆ ಮಾತು. ದುಡ್ಡು ಕೊಟ್ಟವರಿಗೆ ತಮ್ಮ ಪ್ರಯೋಗ, ತಮ್ಮ ತರಬೇತಿ ಹೇಗಿರಬೇಕು ಎಂದು ಕೇಳುವ ಹಕ್ಕು ಜಾಸ್ತಿ, ಅದಂತೂ ನಿಜ.

ಕಲ್ಪನಾ ಚಾವ್ಲಾ, ಸುನೀತಾ ವಿಲಿಯಮ್ಸ್ ಹೋಗಿದ್ದರಲ್ಲ? ಹಾಗಾದರೆ ಶುಕ್ಲಾ ಎರಡನೆಯವರು ಹೇಗೆ?

ಅವರಿಬ್ಬರೂ ಅಮೆರಿಕದ ಪ್ರಜೆಗಳಾಗಿ, ನಾಸಾದ ಗಗನಯಾತ್ರಿಗಳಾಗಿ ಹೋದವರು. ಭಾರತದ ಪ್ರಜೆಯಾಗಿ ಹೋದವರಲ್ಲಿ ರಾಕೇಶ್ ಶರ್ಮಾ ಮೊದಲು, ಶುಕ್ಲಾ ಎರಡನೆಯವರು. ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯ ಶುಕ್ಲಾ. ರಾಕೇಶ್ ಶರ್ಮಾ ಹೋದಾಗ ಈ ನಿಲ್ದಾಣ ಇರಲೇ ಇಲ್ಲ. ಕಲ್ಪನಾ ಅವರು 1997ರಲ್ಲಿ ಮತ್ತು 2003ರಲ್ಲಿ ಹಾರಿದ್ದು ಷಟಲ್ ನೌಕೆಯಲ್ಲಿ. ಎರಡೂ ಸಲ ಅವರ ನೌಕೆ ಈ ನಿಲ್ದಾಣಕ್ಕೆ ಹೋಗಿರಲಿಲ್ಲ.

ಸರಿ, ಇದು ಯಾರ ಯಾನ?

ಒಬ್ಬರದ್ದಲ್ಲ. ಅದಕ್ಕೇ ಸುದ್ದಿ ಓದುವವರಿಗೆ ಗೊಂದಲ. ಯಾನವನ್ನು ಏರ್ಪಡಿಸಿದ್ದು ಹ್ಯೂಸ್ಟನ್‌ನ ಆಕ್ಸಿಯಂ ಸ್ಪೇಸ್ ಎಂಬ ಕಂಪನಿ. ಫಾಲ್ಕನ್-9 ರಾಕೆಟ್ಟು, ಡ್ರ್ಯಾಗನ್ ನೌಕೆ ಎರಡೂ ಸ್ಪೇಸ್‌ಎಕ್ಸ್ ಕಂಪನಿಯವು. ಹೊರಟ ಜಾಗ, ಅಂದರೆ 39ಎ ಉಡಾವಣಾ ಕಟ್ಟೆ, ನಾಸಾದ್ದು. ಅದನ್ನು ಸ್ಪೇಸ್‌ಎಕ್ಸ್ ಗುತ್ತಿಗೆಗೆ ಪಡೆದಿದೆ. ತಲುಪಿದ ಮನೆ ಐದು ಸಂಸ್ಥೆಗಳ ಪಾಲುದಾರಿಕೆಯದ್ದು: ಅಮೆರಿಕದ ನಾಸಾ, ರಷ್ಯಾದ ರಾಸ್ಕಾಸ್ಮೋಸ್, ಐರೋಪ್ಯ ಸಂಸ್ಥೆ, ಜಪಾನಿನ ಜಾಕ್ಸಾ, ಕೆನಡಾದ ಸಂಸ್ಥೆ. ಸೀಟಿನ ಖರ್ಚು ಆಯಾ ದೇಶಗಳದ್ದು. ಪ್ರಯೋಗಗಳಂತೂ 31 ದೇಶಗಳಿಂದ ಬಂದವು, ಸುಮಾರು 60.

ಹೀಗಾಗಿ 'ಭಾರತದ ಯಾನ' ಅಂದರೂ ಪೂರ್ತಿ ಸರಿಯಲ್ಲ, 'ನಮ್ಮದೇನಿದೆ ಅದರಲ್ಲಿ' ಅಂದರೂ ಸರಿಯಲ್ಲ. ವಾಹನ ನಮ್ಮದಲ್ಲ, ಮನೆಯೂ ನಮ್ಮದಲ್ಲ. ಆದರೆ ಮನುಷ್ಯ ನಮ್ಮವನು, ಏಳು ಪ್ರಯೋಗ ನಮ್ಮವು, ಕಲಿತದ್ದೂ ನಮ್ಮದು.

ಭಾರತ ಎಷ್ಟು ಖರ್ಚು ಮಾಡಿತು? ಅಷ್ಟು ಬೇಕಿತ್ತಾ?

ಸುಮಾರು 550 ಕೋಟಿ ರೂಪಾಯಿ ಎಂದು ಸುದ್ದಿಯಾಗಿತ್ತು. 'ಟಿಕೆಟ್ ಕೊಂಡು ಹೋಗಿದ್ದಕ್ಕೆ ಇಷ್ಟು ಸಂಭ್ರಮವಾ' ಎಂಬ ಮಾತು ಆಗ ಸುಮಾರು ಕೇಳಿಬಂತು. ಮಾತು ಪೂರ್ತಿ ತಪ್ಪೇನಲ್ಲ. ಆದರೆ ಭಾರತ ಗಗನಯಾನ ಎಂಬ ಸ್ವಂತ ಮಾನವಸಹಿತ ಯಾನಕ್ಕೆ ಸಿದ್ಧವಾಗುತ್ತಿದೆ. ಅದಕ್ಕೆ ಆಯ್ಕೆಯಾದ ನಾಲ್ವರಲ್ಲಿ ಶುಕ್ಲಾ, ನಾಯರ್ ಇಬ್ಬರೂ ಇದ್ದಾರೆ. ಕೌಂಟ್‌ಡೌನ್ ನಿಂತಾಗ ಒಳಗೆ ಕೂತವನಿಗೆ ಏನು ಹೇಳಬೇಕು, ಕ್ವಾರಂಟೈನ್ ಹೇಗೆ ನಡೆಸಬೇಕು, ಇಳಿದ ಮೇಲೆ ಎಷ್ಟು ದಿನ ಆರೈಕೆ ಬೇಕು, ಇದೆಲ್ಲ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಒಂದು ಸಲ ಒಳಗಿದ್ದು ನೋಡಿಯೇ ಬರಬೇಕು. ಆ ಲೆಕ್ಕದಲ್ಲಿ ದುಡ್ಡು ದಂಡವಾಗಿಲ್ಲ.

ಉಡಾವಣೆ ಅಷ್ಟು ಸಲ ಮುಂದಕ್ಕೆ ಹೋಯಿತಲ್ಲ, ಯಾಕೆ?

ಮೊದಲು ಹೇಳಿದ ದಿನ ಮೇ 29. ನಂತರ ಜೂನ್ 8, 10, 11 ಹೀಗೆ ಜಾರುತ್ತಾ ಬಂತು. ಒಮ್ಮೆ ಗಾಳಿ ಜೋರಿತ್ತು. ಆಮೇಲೆ ರಾಕೆಟ್ಟಿನ ಮೊದಲ ಹಂತದಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಪರೀಕ್ಷೆಯಲ್ಲಿ ಕಂಡಿತು. ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಅವರ ತಂಡವೂ ಆಗ ಅಲ್ಲೇ ಇತ್ತು. ಸೋರಿಕೆ ಸರಿಮಾಡಿದರು. ಅಷ್ಟರಲ್ಲಿ ನಿಲ್ದಾಣದ ರಷ್ಯನ್ ಭಾಗವಾದ ಜ್ವೆಜ್ದಾದ ಹಿಂಬದಿಯಲ್ಲಿ ಗಾಳಿ ಸೋರಿಕೆಯ ವಿಷಯ ಎದ್ದಿತು. ಆ ಸೋರಿಕೆ ಹಳೆಯದು, ವರ್ಷಗಳಿಂದ ಇದ್ದದ್ದು. ರಿಪೇರಿಯ ನಂತರ ಒತ್ತಡ ಬೇರೆ ರೀತಿ ತೋರಿಸಿದ್ದರಿಂದ, ಖಚಿತವಾಗುವವರೆಗೆ ಹೊಸಬರನ್ನು ಕಳಿಸುವುದು ಬೇಡ ಎಂದು ನಾಸಾ ತಡೆಯಿತು.

ಇಲ್ಲಿ ಇನ್ನೊಂದು ತೊಡಕಿದೆ. ಉಡಾವಣೆ ತಪ್ಪಿದರೆ ಅರ್ಧ ಗಂಟೆ ಬಿಟ್ಟು ಹೊರಡೋಣ ಅನ್ನೋ ಹಾಗಿಲ್ಲ. ನಿಲ್ದಾಣದ ಕಕ್ಷೆ ಇರುವ ಸಮತಲದ ಕೆಳಗೆ ಉಡಾವಣಾ ಕಟ್ಟೆ ಬರಬೇಕು. ಭೂಮಿ ತಿರುಗುತ್ತಾ ಆ ಕ್ಷಣ ದಿನಕ್ಕೊಂದು ಸಲ ಸಿಗುತ್ತದೆ, ಅದೂ ದಿನ ದಿನಕ್ಕೆ 20 ನಿಮಿಷಕ್ಕೂ ಜಾಸ್ತಿ ಮೊದಲೇ ಬರುತ್ತದೆ. ತಪ್ಪಿದರೆ ಮಾರನೆಯ ದಿನವೇ ಗತಿ.

ನಿಲ್ದಾಣ ಇರೋದು 400 ಕಿ.ಮೀ. ಎತ್ತರದಲ್ಲಿ. ಹೋಗೋಕೆ 28 ಗಂಟೆ ಯಾಕೆ?

ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ ತುಸು ಉದ್ದ.

ಎತ್ತರಕ್ಕೆ ಏರುವುದು ಕಷ್ಟದ ಭಾಗವೇ ಅಲ್ಲ. ಫಾಲ್ಕನ್-9 ರಾಕೆಟ್ ಹತ್ತು ನಿಮಿಷದೊಳಗೆ ನೌಕೆಯನ್ನು ಕಕ್ಷೆಯಲ್ಲಿ ಬಿಟ್ಟಿರುತ್ತದೆ. ಎರಡೂವರೆ ನಿಮಿಷದ ಹೊತ್ತಿಗೆ ಮೊದಲ ಹಂತ ಕಳಚಿ ವಾಪಸ್ ಹೊರಡುತ್ತದೆ. ಒಂಬತ್ತು ನಿಮಿಷದ ಹೊತ್ತಿಗೆ ಎರಡನೇ ಹಂತದ ಎಂಜಿನ್ನೂ ಆರುತ್ತದೆ. ಕಷ್ಟ ಇರೋದು ಅಡ್ಡ ವೇಗದಲ್ಲಿ. ನಿಲ್ದಾಣ ಸೆಕೆಂಡಿಗೆ ಸುಮಾರು 7.66 ಕಿ.ಮೀ. ಓಡುತ್ತಿದೆ, ಗಂಟೆಗೆ ಸುಮಾರು 28,000 ಕಿ.ಮೀ. ಅದೇ ಕಕ್ಷೆ, ಅದೇ ದಿಕ್ಕು, ಅದೇ ವೇಗ, ಅದೇ ಜಾಗ, ನಾಲ್ಕೂ ಕೂಡಿಬಂದರೆ ಮಾತ್ರ ಅದನ್ನು ಮುಟ್ಟಲು ಸಾಧ್ಯ.

ನೌಕೆ ಕಕ್ಷೆ ಸೇರಿದಾಗ ನಿಲ್ದಾಣ ಭೂಮಿಯ ಇನ್ನೊಂದು ಬದಿಯಲ್ಲೂ ಇರಬಹುದು. ಅದನ್ನು ಹಿಡಿಯಬೇಕು ಅಂದರೆ ಎಂಜಿನ್ ಜೋರು ಮಾಡಬೇಕು ಎಂದು ಅನಿಸುತ್ತದೆ, ಅಲ್ವಾ? ಆಗೋದು ಉಲ್ಟಾ. ಮುಂದಕ್ಕೆ ತಳ್ಳಿದರೆ ನೌಕೆ ಮೇಲಿನ ಕಕ್ಷೆಗೆ ಏರುತ್ತದೆ. ಮೇಲಿನ ಕಕ್ಷೆ ದೊಡ್ಡದು, ಅಲ್ಲಿ ವೇಗವೂ ಕಡಿಮೆ. ಹಾಗಾಗಿ ಇನ್ನೂ ಹಿಂದೆ ಬೀಳುತ್ತದೆ. ಹಿಡಿಯಬೇಕಾದರೆ ಕೆಳಗೇ ಇರಬೇಕು. ಒಂದು ಲೆಕ್ಕ ನೋಡಿ: 200 ಕಿ.ಮೀ. ಎತ್ತರದಲ್ಲಿ ಭೂಮಿಗೆ ಒಂದು ಸುತ್ತು ಹಾಕಲು ಸುಮಾರು 88 ನಿಮಿಷ ಸಾಕು, 420 ಕಿ.ಮೀ. ಎತ್ತರದಲ್ಲಿ ಸುಮಾರು 93 ನಿಮಿಷ ಬೇಕು. ಅಂದರೆ ಕೆಳಗಿನ ನೌಕೆಗೆ ಪ್ರತಿ ಸುತ್ತಿನಲ್ಲೂ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಲಾಭ. ದೂರದಲ್ಲಿ ಹೇಳಿದರೆ ಸುಮಾರು 2,000 ಕಿ.ಮೀ. ಹೀಗೆ ಸುತ್ತುತ್ತಾ, ಆಗಾಗ ಸಣ್ಣ ಎಂಜಿನ್ ಉರಿಸಿ ಸ್ವಲ್ಪ ಸ್ವಲ್ಪವೇ ಮೇಲೇರುತ್ತಾ, ನಿಲ್ದಾಣದ ಸಮೀಪಕ್ಕೆ ಬರಬೇಕು. ಉಡಾವಣೆಯ ಹೊತ್ತಿಗೆ ನಿಲ್ದಾಣ ಎಲ್ಲಿದೆ ಎಂಬುದರ ಮೇಲೆ ಈ ಬೆನ್ನಟ್ಟುವಿಕೆಯ ಅವಧಿ ನಿಂತಿದೆ. ಸೊಯುಜ್ ನೌಕೆ ಲೆಕ್ಕ ಕೂಡಿಬಂದಾಗ ಮೂರು ಗಂಟೆ ಚಿಲ್ಲರೆಯಲ್ಲೇ ತಲುಪಿದ್ದೂ ಇದೆ.

ಅಷ್ಟು ವೇಗದಲ್ಲಿ ಹೋಗುವ ನಿಲ್ದಾಣಕ್ಕೆ ಜೋಡಿಸುವುದು ಹೇಗೆ? ಡಿಕ್ಕಿ ಆಗಲ್ವಾ?

ಪಕ್ಕಪಕ್ಕದ ಹಳಿಯಲ್ಲಿ ಒಂದೇ ವೇಗದಲ್ಲಿ ಓಡುವ ಎರಡು ರೈಲುಗಳ ಕಿಟಕಿಯಿಂದ ನೋಡಿದರೆ ಎದುರಿನ ರೈಲು ನಿಂತ ಹಾಗೇ ಕಾಣುತ್ತದೆ. ಇಲ್ಲೂ ಅಷ್ಟೇ. ಇಬ್ಬರ ವೇಗವೂ ಒಂದೇ ಆದ ಮೇಲೆ 28,000 ಎಂಬ ಅಂಕಿ ಲೆಕ್ಕಕ್ಕಿಲ್ಲ, ನಡುವಿನ ವ್ಯತ್ಯಾಸವಷ್ಟೇ ಮುಖ್ಯ. ಕೊನೆಯ ಗಳಿಗೆಯಲ್ಲಿ ಅದು ಸೆಕೆಂಡಿಗೆ ಕೆಲವೇ ಸೆಂಟಿಮೀಟರ್.

ನೌಕೆ ಒಂದೇ ಉಸಿರಿಗೆ ಹತ್ತಿರ ಬರುವುದಿಲ್ಲ. ನಿಲ್ದಾಣದಿಂದ 400 ಮೀಟರ್, 220 ಮೀಟರ್, 20 ಮೀಟರ್ ಹೀಗೆ ಗೊತ್ತುಮಾಡಿದ ಜಾಗಗಳಲ್ಲಿ ನಿಂತು ಅನುಮತಿಗೆ ಕಾಯುತ್ತದೆ. ಕೆಳಗಿನ ನಿಯಂತ್ರಣ ಕೊಠಡಿಯಲ್ಲಿ ಒಬ್ಬೊಬ್ಬರೂ 'ಸರಿ' ಅಂದ ಮೇಲೆ ಮುಂದಿನ ಹೆಜ್ಜೆ. ಡ್ರ್ಯಾಗನ್ ನೌಕೆಯ ಮೂತಿಯ ಮುಚ್ಚಳ ತೆರೆದುಕೊಂಡು ಒಳಗಿನ ಉಂಗುರ ಹೊರಗೆ ಚಾಚಿರುತ್ತದೆ. ಆ ಉಂಗುರ ನಿಲ್ದಾಣದ ಉಂಗುರಕ್ಕೆ ತಾಗಿ ಮೊದಲು ಮೆತ್ತಗೆ ಹಿಡಿದುಕೊಳ್ಳುತ್ತದೆ. ಅಲುಗಾಟ ನಿಂತ ಮೇಲೆ ಉಂಗುರ ಒಳಗೆ ಎಳೆದುಕೊಂಡು, 12 ಕೊಕ್ಕೆಗಳು ಬಿಗಿಯುತ್ತವೆ. ಆಕ್ಸಿಯಂ-4 ಸೇರಿಕೊಂಡಿದ್ದು ನಿಲ್ದಾಣದ ಹಾರ್ಮನಿ ಎಂಬ ಮಾಡ್ಯೂಲಿನ, ಅಂದರೆ ಕೋಣೆಯಂಥ ಭಾಗದ, ಮೇಲ್ಬದಿಯ ಬಾಗಿಲಿಗೆ.

ಅಷ್ಟಾದರೂ ಬಾಗಿಲು ತೆಗೆಯುವ ಹಾಗಿಲ್ಲ. ಎರಡು ಬಾಗಿಲುಗಳ ನಡುವಿನ ಸಣ್ಣ ಜಾಗಕ್ಕೆ ಗಾಳಿ ತುಂಬಿ, ಎಲ್ಲೂ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಟಿವಿ ಮುಂದೆ ಕೂತವರಿಗೆ ಈ ಕಾಯುವಿಕೆ ಬೇಜಾರು. ಒಳಗಿದ್ದವರ ಜೀವ ಇರೋದೇ ಅದರ ಮೇಲೆ.

ಶುಕ್ಲಾ ಪೈಲಟ್ ಅಂತಾರೆ. ನಿಜಕ್ಕೂ ನೌಕೆ ಓಡಿಸಿದರಾ?

ಡ್ರ್ಯಾಗನ್ ತಾನೇ ಓಡುತ್ತದೆ, ತಾನೇ ಜೋಡಿಸಿಕೊಳ್ಳುತ್ತದೆ. ಪೈಲಟ್ ಕೆಲಸ ಪರದೆಗಳ ಮೇಲೆ ಕಣ್ಣಿಟ್ಟು, ಯಾವ ವ್ಯವಸ್ಥೆ ಹೇಗಿದೆ ಎಂದು ನೋಡುತ್ತಾ, ಕೈಕೊಟ್ಟರೆ ಕಮಾಂಡರ್ ಜೊತೆ ಸೇರಿ ಹಿಡಿತ ತೆಗೆದುಕೊಳ್ಳುವುದು. ಏನೂ ಆಗದಿದ್ದರೆ ಸುಮ್ನೆ ಕೂತ ಹಾಗೆ ಕಾಣುತ್ತದೆ. ತರಬೇತಿಯ ಬಹುಪಾಲು 'ಏನಾದರೂ ಆದರೆ' ಎಂಬುದಕ್ಕೇ ಮೀಸಲು.

ಅಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ, ಸರಿ ತಾನೇ?

ಅಲ್ಲ. ಅತಿ ಹೆಚ್ಚು ಜನ ತಪ್ಪಾಗಿ ನಂಬಿರುವುದು ಇದನ್ನೇ. 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ. 88ರಷ್ಟು ಇದ್ದೇ ಇರುತ್ತದೆ. ಅಷ್ಟು ಎತ್ತರದ ಗೋಪುರ ಕಟ್ಟಿ ತುದಿಯಲ್ಲಿ ತಕ್ಕಡಿ ಇಟ್ಟು ನಿಂತರೆ, ಇಲ್ಲಿ 60 ಕೆಜಿ ತೋರಿಸುವವರು ಅಲ್ಲಿ 53 ಕೆಜಿ ತೋರಿಸುತ್ತಾರೆ.

ತೇಲುವುದು ಯಾಕೆಂದರೆ ಎಲ್ಲವೂ ಒಟ್ಟಿಗೇ ಬೀಳುತ್ತಿದೆ: ನಿಲ್ದಾಣ, ಒಳಗಿನ ಮನುಷ್ಯರು, ಅವರ ಪೆನ್ನು, ನೀರಿನ ಹನಿ, ಎಲ್ಲವೂ. ಒಂದು ಸೆಕೆಂಡಿನಲ್ಲಿ ನಿಲ್ದಾಣ ಸುಮಾರು 4.3 ಮೀಟರ್ ಕೆಳಗೆ ಬೀಳುತ್ತದೆ. ಆದರೆ ಅದೇ ಸೆಕೆಂಡಿನಲ್ಲಿ 7.66 ಕಿ.ಮೀ. ಮುಂದಕ್ಕೂ ಹೋಗಿರುತ್ತದೆ. ಅಷ್ಟು ದೂರದಲ್ಲಿ ಅದರ ದುಂಡು ದಾರಿಯೂ ಸರಿಯಾಗಿ 4.3 ಮೀಟರ್ ಬಾಗಿರುತ್ತದೆ. ಹಾಗಾಗಿ ಬಿದ್ದಷ್ಟೂ ನೆಲ ಹತ್ತಿರವಾಗುವುದಿಲ್ಲ. ನೆಲದ ಕಡೆಗೆ ಬೀಳುತ್ತಲೇ ಸುತ್ತುತ್ತಿರುತ್ತಾರೆ, 24 ಗಂಟೆಯಲ್ಲಿ ಹತ್ತಿರ ಹತ್ತಿರ 16 ಸುತ್ತು.

ನೌಕೆಯಲ್ಲಿ ಒಂದು ಹಕ್ಕಿ ಗೊಂಬೆ ತೇಲುತ್ತಿತ್ತಲ್ಲ?

ಹಂಸದ ಗೊಂಬೆ, ಹೆಸರು ಜಾಯ್. ಎಂಜಿನ್ ಆರಿದ ತಕ್ಷಣ ತೇಲಲು ಶುರುವಾಗಿದೆ ಎಂದು ತಿಳಿಯಲು ಹಗುರವಾದ ಗೊಂಬೆಯೊಂದನ್ನು ಕಟ್ಟಿಕೊಂಡು ಹೋಗುವುದು ಹಳೆಯ ರೂಢಿ. ತಾವು ಹೋದ ಡ್ರ್ಯಾಗನ್ ನೌಕೆಗೂ ತಂಡದವರೇ ಹೆಸರಿಟ್ಟರು: ಗ್ರೇಸ್.

ಮೇಲೆ ಹೋದ ತಕ್ಷಣ ದೇಹಕ್ಕೆ ಏನಾಗುತ್ತದೆ?

ಕಾಲಿನ ಕಡೆ ಇಳಿಯುತ್ತಿದ್ದ ದ್ರವ ತಲೆಯ ಕಡೆ ಏರುತ್ತದೆ. ಮುಖ ಊದುತ್ತದೆ, ಮೂಗು ಕಟ್ಟಿದ ಹಾಗಾಗುತ್ತದೆ, ಕಾಲು ಸಣ್ಣಗಾಗುತ್ತದೆ. ಒಳಕಿವಿಗೆ ಮೇಲು ಕೆಳಗು ತಿಳಿಯದೆ ಹಲವರಿಗೆ ಮೊದಲ ಎರಡು ಮೂರು ದಿನ ವಾಕರಿಕೆ, ತಲೆ ಭಾರ. ಯುದ್ಧವಿಮಾನ ಹಾರಿಸಿದವರನ್ನೂ ಇದು ಬಿಡುವುದಿಲ್ಲ.

ಉದ್ದ ಯಾನಗಳಲ್ಲಿ ಕಾಡುವುದು ಮೂಳೆ. ಸರಿಯಾಗಿ ವ್ಯಾಯಾಮ ಮಾಡದಿದ್ದರೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಇರುವವರಿಗೆ ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ ಇದ್ದೇ ಇರುತ್ತದೆ. ಹದಿನೆಂಟು ದಿನದ ವಾಸಕ್ಕೆ ಆ ಭಯ ಕಡಿಮೆ.

ಶುಕ್ಲಾ ಅಲ್ಲಿ ಮಾಡಿದ ಪ್ರಯೋಗಗಳು ಯಾವುವು? ಧಾರವಾಡದ ಹೆಸರು ಕೇಳಿದ ಹಾಗಿತ್ತು.

ಸರಿಯಾಗಿಯೇ ಕೇಳಿದ್ದೀರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ಸೇರಿ ಹೆಸರುಕಾಳು, ಮೆಂತ್ಯಕಾಳು ಕಳಿಸಿದ್ದವು. ಮುಚ್ಚಳವಿದ್ದ ಗಾಜಿನಂಥ ತಟ್ಟೆಗಳಲ್ಲಿ ಒಣ ಕಾಳು. ಮೇಲೆ ಹೋದ ಮೇಲೆ ನೀರುಣಿಸಿ, ಮೊಳಕೆ ಒಡೆದದ್ದರ ಫೋಟೋ ತೆಗೆದು, ತಟ್ಟೆಗಳನ್ನು ನಿಲ್ದಾಣದ ಫ್ರೀಜರಿನಲ್ಲಿ ಇಡುವುದು ಶುಕ್ಲಾ ಅವರ ಕೆಲಸ. ಇಲ್ಲಿ ಬೇರು ಕೆಳಗೆ, ಚಿಗುರು ಮೇಲೆ ಹೋಗುತ್ತದೆ. ಅಲ್ಲಿ ಕೆಳಗೆ ಅನ್ನುವುದೇ ಇಲ್ಲ. ಆಗ ಮೊಳಕೆ ಹೇಗೆ ಬರುತ್ತದೆ, ಪೋಷಕಾಂಶ ಏನಾಗುತ್ತದೆ, ಮೊಳಕೆಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಹೇಗಿರುತ್ತವೆ ಎಂದು ನೋಡುವುದು ಉದ್ದೇಶ. ಚಂದ್ರನಿಗೋ ಮಂಗಳಕ್ಕೋ ಹೋಗುವವರಿಗೆ ತಾಜಾ ತಿನ್ನಲು ಮಣ್ಣು ಬೇಡದ, ಬೆಳಕು ಬೇಡದ, ನಾಲ್ಕು ದಿನದಲ್ಲಿ ಸಿಗುವ ಸೊಪ್ಪು ಇನ್ಯಾವುದಿದೆ ಹೇಳಿ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎರಡು ಪ್ರಯೋಗ ಹೋಗಿದ್ದವು. ಒಂದು ನೀರುಕರಡಿಗಳದ್ದು. ಇವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ, ಎಂಟು ಕಾಲಿನ ಜೀವಿಗಳು. ಒಣಗಿಸಿದರೂ ಸಾಯುವುದಿಲ್ಲ, ನೀರು ಬಿದ್ದರೆ ಮತ್ತೆ ಎದ್ದು ಓಡಾಡುತ್ತವೆ. ಇನ್ನೊಂದು, ತೇಲುವ ಸ್ಥಿತಿಯಲ್ಲಿ ಕಂಪ್ಯೂಟರ್ ಪರದೆ ನೋಡುವಾಗ ಕಣ್ಣು, ಗಮನ ಹೇಗೆ ಕೆಲಸ ಮಾಡುತ್ತವೆ ಎಂಬುದು. ಬೆಂಗಳೂರಿನದೇ ಇನ್‌ಸ್ಟೆಮ್ ಸಂಸ್ಥೆ ಸ್ನಾಯು ಯಾಕೆ ಸೊರಗುತ್ತದೆ ಎಂದು ಜೀವಕೋಶಗಳ ಮಟ್ಟದಲ್ಲಿ ನೋಡಲು ಒಂದು ಪ್ರಯೋಗ ಕೊಟ್ಟಿತ್ತು. ಉಳಿದವು ಪಾಚಿ, ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ ಮತ್ತು ಬೇರೆ ಬೆಳೆಗಳ ಬೀಜಗಳ ಮೇಲೆ.

ಇದರಲ್ಲಿ ತಕ್ಷಣದ ಲಾಭ ಹುಡುಕಬೇಡಿ. ಮೇಲಿನ ಕೆಲಸ ಕೆಲವು ದಿನ, ಕೆಳಗೆ ಬಂದ ಮಾದರಿಗಳ ವಿಶ್ಲೇಷಣೆಗೆ ತಿಂಗಳು, ವರ್ಷ ಹಿಡಿಯುತ್ತದೆ.

ಆ ಹೊತ್ತಿಗೆ ಅಲ್ಲಿ ಎಷ್ಟು ಜನ ಇದ್ದರು? ಯಾವ ಭಾಷೆ ಮಾತಾಡುತ್ತಾರೆ?

ಮೊದಲೇ ಏಳು ಜನ ಇದ್ದರು: ಮೂವರು ಅಮೆರಿಕನ್ನರು, ಮೂವರು ರಷ್ಯನ್ನರು, ಜಪಾನಿನ ತಕುಯಾ ಒನಿಶಿ. ನಿಲ್ದಾಣದ ಕಮಾಂಡರ್ ಆಗ ಒನಿಶಿ ಅವರೇ. ಇವರು ನಾಲ್ವರು ಸೇರಿ ಹನ್ನೊಂದು ಜನ, ಆರು ದೇಶ. ಇಂಗ್ಲಿಷ್, ರಷ್ಯನ್ ಎರಡೂ ನಡೆಯುತ್ತವೆ. ಕೆಳಗೆ ಉಕ್ರೇನ್ ಯುದ್ಧ ನಡೆಯುತ್ತಿದ್ದರೂ ಮೇಲೆ ಅಮೆರಿಕ, ರಷ್ಯಾ ಭಾಗಗಳಲ್ಲಿ ಒಬ್ಬರ ಗಾಳಿ, ನೀರು, ವಿದ್ಯುತ್ತು ಇನ್ನೊಬ್ಬರ ಜೊತೆ ಹೆಣೆದುಕೊಂಡಿದೆ. ಬೇಕೆಂದರೂ ಬಿಡಿಸಿಕೊಳ್ಳುವುದು ಸುಲಭವಿಲ್ಲ.

ಗಡಿಯಾರದ ವಿಷಯಕ್ಕೆ ಬಂದರೆ, ಅಲ್ಲಿ ಗ್ರೀನಿಚ್ ಕಾಲಮಾನ. ಯಾರ ಊರಿನದ್ದೂ ಅಲ್ಲ, ಹಾಗಾಗಿ ಜಗಳವಿಲ್ಲ.

ಊಟ, ನೀರು, ನಿದ್ದೆ, ಶೌಚಾಲಯ?

ಊಟ ಹೆಚ್ಚಾಗಿ ಒಣಗಿಸಿದ್ದು ಅಥವಾ ಪೊಟ್ಟಣದಲ್ಲಿ ಕೆಡದಂತೆ ಕಟ್ಟಿದ್ದು. ಪುಡಿ ಉದುರುವ ತಿಂಡಿ ಬೇಡ, ಚೂರು ತೇಲಿ ಯಂತ್ರದೊಳಗೋ ಕಣ್ಣಿಗೋ ಹೋಗುತ್ತದೆ. ಶುಕ್ಲಾ ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ ಒಯ್ದು ಎಲ್ಲರಿಗೂ ಹಂಚಿದರು. ಹಲ್ವಾ ಅಂಟಂಟಾಗಿರುತ್ತದೆ, ಚಮಚಕ್ಕೆ ಹಿಡಿದುಕೊಳ್ಳುತ್ತದೆ. ಆ ಜಾಗಕ್ಕೆ ಹೇಳಿ ಮಾಡಿಸಿದ ತಿಂಡಿ.

ನೀರನ್ನು ಬೆವರು, ಉಸಿರಿನ ತೇವ, ಮೂತ್ರ ಎಲ್ಲದರಿಂದಲೂ ಮತ್ತೆ ತೆಗೆದು ಶುದ್ಧ ಮಾಡುತ್ತಾರೆ. ಅಮೆರಿಕನ್ ಭಾಗದ ವ್ಯವಸ್ಥೆ 2023ರಲ್ಲಿ ಶೇ. 98ರಷ್ಟು ವಾಪಸ್ ಪಡೆಯುವ ಮಟ್ಟ ಮುಟ್ಟಿತು. ಅಸಹ್ಯ ಪಡಬೇಕಾಗಿಲ್ಲ, ಬಹಳ ಊರುಗಳ ನಲ್ಲಿ ನೀರಿಗಿಂತ ಅದು ಶುದ್ಧ. ಶೌಚಾಲಯದಲ್ಲಿ ನೀರಿನ ಬದಲು ಗಾಳಿ ಎಳೆಯುತ್ತದೆ.

ತಿಂಗಳುಗಟ್ಟಲೆ ಇರುವವರಿಗೆ ಸಣ್ಣ ಸಣ್ಣ ಮಲಗುವ ಗೂಡುಗಳಿವೆ. ಅತಿಥಿಗಳು ಸಿಕ್ಕ ಕಡೆ ಮಲಗುವ ಚೀಲ ಕಟ್ಟಿಕೊಳ್ಳುತ್ತಾರೆ. ಫ್ಯಾನ್ ಗಾಳಿ ಆಡುವ ಜಾಗವೇ ಆಗಬೇಕು. ಯಾಕೆಂದರೆ ಬಿಸಿ ಉಸಿರು ಅಲ್ಲಿ ಮೇಲೇರುವುದಿಲ್ಲ, ಗಾಳಿ ಆಡದಿದ್ದರೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತಲೇ ನಿಲ್ಲುತ್ತದೆ.

ಮೇಲೆ ಅನಾಹುತವಾದರೆ?

ಒಂದು ಗಟ್ಟಿ ನಿಯಮ ಇದೆ: ನಿಲ್ದಾಣದಲ್ಲಿರುವ ಪ್ರತಿಯೊಬ್ಬರಿಗೂ ವಾಪಸ್ ಬರಲು ಒಂದು ಸೀಟು ಸದಾ ಕಾದಿರಬೇಕು. ಬಂದ ನೌಕೆ ಅಲ್ಲೇ ಕಟ್ಟಿಕೊಂಡಿರುತ್ತದೆ, ಅದೇ ಜೀವರಕ್ಷಕ ದೋಣಿ. ಬೆಂಕಿ, ಗಾಳಿ ಸೋರಿಕೆ, ವಿಷಕಾರಿ ಅನಿಲ, ಈ ಮೂರಕ್ಕೆ ಎಲ್ಲರಿಗೂ ಕಡ್ಡಾಯ ತರಬೇತಿ. 2022ರ ಡಿಸೆಂಬರಿನಲ್ಲಿ ಒಂದು ಸೊಯುಜ್ ನೌಕೆಯ ತಂಪುಕಾರಕ ದ್ರವ ಸೋರಿಹೋಯಿತು. ಅದರಲ್ಲಿ ವಾಪಸ್ ಬರುವುದು ಅಪಾಯವೆಂದು ಖಾಲಿ ಸೊಯುಜ್ ಒಂದನ್ನು ಮೇಲೆ ಕಳಿಸಿದರು. ಆರು ತಿಂಗಳಿಗೆಂದು ಹೋಗಿದ್ದ ಫ್ರಾಂಕ್ ರೂಬಿಯೋ 371 ದಿನ ಇರಬೇಕಾಯಿತು.

ಉಡಾವಣೆಯ ಹೊತ್ತಿಗೆ ರಾಕೆಟ್ ಕೆಟ್ಟರೆ ಡ್ರ್ಯಾಗನ್ನಿನ ಗೋಡೆಯಲ್ಲಿರುವ ಎಂಟು ಸೂಪರ್‌ಡ್ರಾಕೋ ಎಂಜಿನ್‌ಗಳು ನೌಕೆಯನ್ನು ಕಿತ್ತುಕೊಂಡು ದೂರ ಎಸೆಯುತ್ತವೆ.

ವಾಪಸ್ ಬರುವಾಗ ಅಷ್ಟು ಬಿಸಿ ಯಾಕೆ? ಹೋಗುವಾಗ ಇಲ್ಲವಲ್ಲ?

ಹೋಗುವಾಗ ರಾಕೆಟ್ ದಟ್ಟ ಗಾಳಿಯನ್ನು ನಿಧಾನದಲ್ಲೇ ದಾಟಿ, ಗಾಳಿ ತೆಳುವಾದ ಮೇಲೆ ವೇಗ ಹೆಚ್ಚಿಸುತ್ತದೆ. ಬರುವಾಗ 28,000 ಕಿ.ಮೀ. ವೇಗವನ್ನು ಕಳೆದುಕೊಳ್ಳಬೇಕು, ಅದಕ್ಕೆ ಬೇಕಾದಷ್ಟು ಇಂಧನ ಹೊತ್ತೊಯ್ಯಲು ಆಗುವುದಿಲ್ಲ. ಹಾಗಾಗಿ ಗಾಳಿಯೇ ಬ್ರೇಕು. ಮುಂದಿನ ಗಾಳಿ ಒತ್ತಿಕೊಂಡು ಕಾದು ಕೆಂಡವಾಗುತ್ತದೆ. ಶಾಖ ಕವಚದ ಹೊರಗೆ 1,900 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಕೆಲವು ನಿಮಿಷ ರೇಡಿಯೋ ಸಂಪರ್ಕವೂ ಇರುವುದಿಲ್ಲ. ಕೂತವರ ಮೈಮೇಲೆ ಅವರದೇ ತೂಕದ ಸುಮಾರು ನಾಲ್ಕು ಪಟ್ಟು ಭಾರ. ಆಮೇಲೆ ಮೊದಲು ಎರಡು ಸಣ್ಣ ಪ್ಯಾರಾಚೂಟ್, ನಂತರ ನಾಲ್ಕು ದೊಡ್ಡವು ಬಿಚ್ಚಿಕೊಂಡು ನೌಕೆ ನೀರಿಗಿಳಿಯುತ್ತದೆ. ಶಾನನ್ ಎಂಬ ಹಡಗು ಕಾದಿತ್ತು, ನೌಕೆಯನ್ನು ಎತ್ತಿ ಇಟ್ಟುಕೊಂಡು ಒಬ್ಬೊಬ್ಬರನ್ನೇ ಹೊರಗೆ ತೆಗೆದರು.

ಮೊದಲು ಡ್ರ್ಯಾಗನ್‌ಗಳು ಫ್ಲೋರಿಡಾ ಕಡೆ ಇಳಿಯುತ್ತಿದ್ದವು. ಹಿಂಭಾಗದ ಟ್ರಂಕ್ ಎಂಬ ಕಳಚಿ ಬಿಡುವ ಭಾಗದ ಚೂರುಗಳು ಪೂರ್ತಿ ಸುಡದೆ ಕೆಲವು ಕಡೆ ನೆಲಕ್ಕೆ ಬಿದ್ದದ್ದು ಕಂಡಿತು. ಅದಕ್ಕೇ 2025ರಿಂದ ಪೆಸಿಫಿಕ್ ಕಡೆಗೆ ಬದಲಾಯಿಸಿದರು. ಈಗ ಟ್ರಂಕ್ ಜನವಸತಿ ಇಲ್ಲದ ಸಮುದ್ರದ ಮೇಲೆ ಬೀಳುತ್ತದೆ.

ಇಳಿದ ತಕ್ಷಣ ನಡೆಯಲು ಆಗುತ್ತದಾ?

ಆಗುತ್ತದೆ, ಆದರೆ ಇಬ್ಬರು ಹಿಡಿದುಕೊಂಡಿರಬೇಕು. ನಿಂತರೆ ರಕ್ತ ಕಾಲಿಗಿಳಿದು ತಲೆ ಸುತ್ತುತ್ತದೆ. ಸಮತೋಲನ ವಾಪಸ್ ಬರಲು ಕೆಲವು ದಿನ ಬೇಕು.

ನಿಲ್ದಾಣ ನಮಗೂ ಕಾಣುತ್ತದಾ?

ಬರಿಗಣ್ಣಿಗೇ ಕಾಣುತ್ತದೆ. ಅದರ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ವಾಲಿದೆ, ಹಾಗಾಗಿ ಕರ್ನಾಟಕದ ಮೇಲೂ ಆಗಾಗ ಹಾದುಹೋಗುತ್ತದೆ. ಸೂರ್ಯ ಮುಳುಗಿದ ಒಂದೆರಡು ಗಂಟೆ ಒಳಗೆ, ಇಲ್ಲವೇ ಬೆಳಗಾಗುವ ಮುಂಚೆ ನೋಡಬೇಕು. ಕೆಳಗೆ ಕತ್ತಲಿದ್ದು ಮೇಲೆ ಅದಕ್ಕೆ ಬಿಸಿಲು ಬೀಳುವ ಹೊತ್ತದು. ಮಿನುಗದ, ಸದ್ದಿಲ್ಲದ, ಪ್ರಕಾಶಮಾನ ಚುಕ್ಕಿ ನಾಲ್ಕೈದು ನಿಮಿಷದಲ್ಲಿ ಆಕಾಶ ದಾಟಿದರೆ ಅದೇ. ದೀಪ ಮಿಣುಕುತ್ತಿದ್ದರೆ ವಿಮಾನ. ನಿಮ್ಮ ಊರಿಗೆ ಯಾವಾಗ ಬರುತ್ತದೆ ಎಂದು ನಾಸಾದ 'ಸ್ಪಾಟ್ ದ ಸ್ಟೇಷನ್' ಸೇವೆ ಹೇಳುತ್ತದೆ. ದುರ್ಬೀನು ಬೇಡ, ತಲೆ ಮೇಲೆತ್ತಿದರೆ ಸಾಕು.

ಈ ನಿಲ್ದಾಣ ಎಷ್ಟು ದಿನ ಇರುತ್ತದೆ? ಆಮೇಲೆ ಎಲ್ಲಿಗೆ ಹೋಗುತ್ತಾರೆ?

ಮೊದಲ ಮಾಡ್ಯೂಲ್ ಜರ್ಯಾ ಹೋಗಿದ್ದು 1998ರ ನವೆಂಬರ್ 20ರಂದು. 2000ದ ನವೆಂಬರ್ 2ರಿಂದ ಒಂದು ದಿನವೂ ಖಾಲಿ ಬಿದ್ದಿಲ್ಲ. ಆದರೆ ಲೋಹ ದಣಿಯುತ್ತದೆ, ಸೋರಿಕೆಗಳೂ ಕಾಣಿಸಿಕೊಂಡಿವೆ. 2030ರವರೆಗೆ ನಡೆಸಿ, ನಂತರ ಪೆಸಿಫಿಕ್ ಸಮುದ್ರದ ಜನರಿಲ್ಲದ ಭಾಗಕ್ಕೆ ಬೀಳಿಸುವ ಯೋಜನೆಯಿದೆ. ಅದನ್ನು ಕೆಳಕ್ಕೆ ತಳ್ಳುವ ವಿಶೇಷ ನೌಕೆ ಮಾಡುವ ಕೆಲಸವನ್ನು 2024ರಲ್ಲಿ ನಾಸಾ ಸ್ಪೇಸ್‌ಎಕ್ಸ್‌ಗೆ ಕೊಟ್ಟಿತು.

ಚೀನಾದ ಟಿಯಾಂಗಾಂಗ್ ನಿಲ್ದಾಣ ಈಗಾಗಲೇ ಮೇಲಿದೆ. ಆಕ್ಸಿಯಂ ತನ್ನದೇ ಖಾಸಗಿ ನಿಲ್ದಾಣ ಕಟ್ಟುವ ತಯಾರಿಯಲ್ಲಿದೆ, ಈ ಯಾನಗಳನ್ನು ನಡೆಸುತ್ತಿರುವುದೂ ಅದಕ್ಕಾಗಿಯೇ. ಭಾರತ 2035ರ ಹೊತ್ತಿಗೆ ಭಾರತೀಯ ಅಂತರಿಕ್ಷ ಸ್ಟೇಷನ್ ಕಟ್ಟುವ ಗುರಿ ಇಟ್ಟುಕೊಂಡಿದೆ, ಮೊದಲ ಮಾಡ್ಯೂಲಿಗೆ 2028ರ ಗಡುವು. ಅದಕ್ಕೂ ಮೊದಲು ಗಗನಯಾನ ಆಗಬೇಕು. ಬಾಹ್ಯಾಕಾಶದ ಗಡುವುಗಳು ಜಾರುವುದು ಮಾಮೂಲು, ಎಲ್ಲ ದೇಶದಲ್ಲೂ. ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುವುದಾದರೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ.